ಬೋಳು ಕತ್ತಿನ ಲ್ಯೂಟು

ಗುಡುಗಮ್ಮನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ಶುದ್ಧ ಸುಳ್ಳು. ಮೂಗಿನ ತುದಿಯ ಕೋಪವಾದರೆ ಒಂದು ಸೀನಿಗೆ ಹಾರಿಹೋದೀತು. ಇವಳದು ಬೆಳಗ್ಗೆ ನಲ್ಲಿ ತಿರುಗಿಸುವಾಗ ಹುಟ್ಟಿ, ಹಾಲಿನವನ ಮೇಲೆ ಬೆಳೆದು, ಮಧ್ಯಾಹ್ನದ ಹೊತ್ತಿಗೆ ಇಡೀ ಮನೆಯನ್ನು ಆಳುತ್ತಿತ್ತು. ಬಾಗಿಲು ಕಿರುಗುಟ್ಟಿದರೆ ಬೈಗುಳ. ಕಿರುಗುಟ್ಟದೆ ಮುಚ್ಚಿಕೊಂಡರೆ, ಕಳ್ಳನ ಹಾಗೆ ಮುಚ್ಚಿಕೊಂಡಿತೆಂದು ಅದಕ್ಕೂ ಬೈಗುಳ. ಅಂಥವಳು ದಿನಕ್ಕೊಮ್ಮೆ, ತಿಂಡಿಯಾದ ಮೇಲೆ, ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಆಗ ಅವಳು ತನ್ನ ಲ್ಯೂಟನ್ನು ಒರೆಸುತ್ತಿದ್ದಳು.

ನುಡಿಸುವ ಕಾಲ ಎಂದೋ ಮುಗಿದಿತ್ತು. ಬಂದರಿನ ಎದುರಿನ ದೊಡ್ಡ ಹೋಟೆಲಿನ ಊಟದ ಹಾಲ್‌ನಲ್ಲಿ, ಚಮಚ ತಟ್ಟೆಗಳ ಗದ್ದಲದ ನಡುವೆ, ಪ್ರಾಯವನ್ನೆಲ್ಲ ಲ್ಯೂಟು ನುಡಿಸಿಯೇ ಕಳೆದು ಸಂಸಾರ ಸಾಕಿದವಳು ಅವಳು. ಕೊನೆಗೆ ಕೀಲುವಾತ ಬಂದು ಬೆರಳುಗಳು ಶುಂಠಿಯ ಹಾಗೆ ಸೊಟ್ಟಗಾದವು. ತಂತಿ ಒತ್ತುವುದಿರಲಿ, ಗುಂಡಿ ಹಾಕಿಕೊಳ್ಳುವುದಕ್ಕೂ ಮಗಳನ್ನು ಕರೆಯಬೇಕು. ಆದರೂ ಹೊಟ್ಟೆ ಉಬ್ಬಿದ, ಕತ್ತು ಗಿಡ್ಡವಾದ, ತಲೆ ಹಿಂದಕ್ಕೆ ಬಾಗಿದ ಆ ವಾದ್ಯವನ್ನು ಪೆಟ್ಟಿಗೆಯಿಂದ ತೆಗೆದು, ಹಾಸಿಗೆಯ ಮೇಲೆ ಮಲಗಿಸಿ, ಹಳೆಯ ಮೆತ್ತನೆ ಬಟ್ಟೆಯಿಂದ ಒರೆಸದಿದ್ದರೆ ಅವಳಿಗೆ ಬೆಳಗೇ ಆಗುತ್ತಿರಲಿಲ್ಲ.

ಅವತ್ತು ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದಾಗ ಭಾರ ಸರಿಯಾಗಿಯೇ ಇತ್ತು. ತೆರೆದರೆ ಒಳಗೆ ಕಂಬಳಿ.

ಕಳ್ಳರು ಕದ್ದ ಜಾಗದಲ್ಲಿ ಕಂಬಳಿ ಇಟ್ಟು ಹೋಗುವುದಿಲ್ಲ. ಅದೂ ಮನೆಯದೇ ಕಂಬಳಿ, ಮೂಲೆಗೆ ಮೂಲೆ ಕೂಡಿಸಿ, ಮಡಿಕೆಯ ಮೇಲೆ ಉಗುರೆಳೆದು, ಪುಸ್ತಕದಂತೆ ಮಡಿಸಿದ್ದು. ಹಾಗೆ ಮಡಿಸುವ ಕೈ ಆ ಮನೆಯಲ್ಲಿ ಒಂದೇ ಇತ್ತು. ಮಗಳು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವಳು. ದಿನವಿಡೀ ಹಾಳೆ ಮಡಿಸಿ, ದಾರ ಪೋಣಿಸಿ, ಗಂಟು ಬಿಗಿದು ಬರುವವಳು. ಇವತ್ತು ರಜೆಯಿದ್ದರೂ, ಪ್ರೆಸ್ಸಿನಲ್ಲಿ ಅರ್ಜೆಂಟು ಕೆಲಸ ಎಂದು ಬೆಳಗ್ಗೆಯೇ ಹೋಗಿದ್ದಳು. ಹೋಗುವಾಗ ಕಂಕುಳಲ್ಲಿ ಹಾಸಿಗೆ ಹೊದಿಕೆಯ ದೊಡ್ಡದೊಂದು ಗಂಟು. ಇದೇನೇ ಎಂದು ಕೇಳಿದ್ದಕ್ಕೆ, ಡ್ರೈಕ್ಲೀನಿಂಗಿಗೆ ಎಂದಿದ್ದಳು. ಹಾಡಹಗಲಲ್ಲಿ ಕಣ್ಣಿಗೆ ಮಣ್ಣೆರಚಿ ಹೋದಳಲ್ಲ ಎಂದು ಗುಡುಗಮ್ಮನ ಮೈಯೆಲ್ಲ ಉರಿದುಹೋಯಿತು.

ಅಳಿಯ ನಡುಮನೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಲಿಫ್ಟ್ ರಿಪೇರಿ ಮಾಡುವವನು, ಮೆತ್ತಗಿನ ಮನುಷ್ಯ. ಎಷ್ಟೇ ಕೋಪ ಬರಲಿ, ಗುಡುಗಮ್ಮ ಅವನಿಗೆ ಏಕವಚನ ಹಚ್ಚಿದವಳಲ್ಲ. ಬಹುವಚನದಲ್ಲಿ ಬೈಸಿಕೊಳ್ಳುವುದು ಇನ್ನೂ ಕಷ್ಟ ಎಂಬುದು ಅವನಿಗೇ ಗೊತ್ತು.

"ಅಳಿಯಂದಿರೇ, ಲ್ಯೂಟೆಲ್ಲಿ?"

"ಯಾವ ಲ್ಯೂಟು ಅತ್ತೆ?"

"ಮನೇಲಿ ಹತ್ತು ಲ್ಯೂಟಿದ್ವಾ, ಯಾವುದು ಅಂತ ಕೇಳೋಕೆ?"

ಅವನು ಇಸ್ತ್ರಿಪೆಟ್ಟಿಗೆಯನ್ನು ಕಾಲರಿನ ಮೇಲೆ ಇನ್ನೊಮ್ಮೆ ಓಡಿಸಿದ. ಕಾಲರು ಆಗಲೇ ಗರಿಗರಿಯಾಗಿತ್ತು. "ಅವಳು ಬಂದ ಮೇಲೆ ಕೇಳಿ ಅತ್ತೆ. ನಂಗೇನೂ ಗೊತ್ತಿಲ್ಲ."

"ಸುಳ್ಳು ಹೇಳೋಕೆ ಬರ್ದೇ ಇದ್ದೋರು ಅದಕ್ಕೆ ಕೈ ಹಾಕ್ಬಾರ್ದು. ನಿಮ್ಮ ಕಿವಿ ನೋಡ್ಕೊಳ್ಳಿ, ಹೇಗೆ ಕೆಂಪಗಾಗಿದೆ."

ಅಳಿಯ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ಸೇತುವೆ ಕೆಳಗಿನ ವಾದ್ಯದ ರಿಪೇರಿಯವನ ಹತ್ರ. ಅದಕ್ಕೆ ಮೆಟ್ಟಿಲು ಹಾಕಿಸ್ತೀನಿ ಅಂದ್ಲು. ನಿಮಗೆ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ಲು."

ಮೆಟ್ಟಿಲು. ಗುಡುಗಮ್ಮ ಅಲ್ಲೇ ಕುರ್ಚಿ ಹಿಡಿದುಕೊಂಡಳು.

ಅವಳ ಲೆಕ್ಕದಲ್ಲಿ ಲೋಕದ ಲ್ಯೂಟುಗಳು ಮೂರೇ ಜಾತಿ. ಮೊದಲನೆಯದು ಅವಳದು, ಬೋಳು. ಕತ್ತಿನ ಮೇಲೆ ಏನೂ ಇಲ್ಲ, ನುಣ್ಣನೆ ಮರ. ಬೆರಳು ಎಲ್ಲಿ ಕೂರಬೇಕೆಂದು ಕಿವಿ ಹೇಳಬೇಕು. ಎರಡನೆಯದು ಏಣಿ. ಕತ್ತಿಗೆ ಅಡ್ಡಡ್ಡ ಮೆಟ್ಟಿಲುಗಳು. ಯಾರು ಬೇಕಾದರೂ ಹತ್ತಬಹುದು, ಇಳಿಯಬಹುದು, ಬೆರಳು ಒಂದಿಷ್ಟು ಆಚೀಚೆ ಬಿದ್ದರೂ ಸ್ವರ ಅದೇ. ಮೂರನೆಯದು ಒಂಟೆ. ಆಳೆತ್ತರದ ಕತ್ತು, ಅದರ ಮೇಲೆ ಇನ್ನೊಂದು ತಲೆ, ಬರೀ ದಪ್ಪ ಸ್ವರಗಳಿಗಾಗಿ ಉದ್ದುದ್ದ ತಂತಿ. ಒಂಟೆಯನ್ನು ಅವಳು ಹೇಗೋ ಕ್ಷಮಿಸಿದ್ದಳು. ಏಣಿಯನ್ನು ಕಂಡರೆ ಆಗುತ್ತಿರಲಿಲ್ಲ.

ಮನೆಗೆ ಏಣಿ ಬಂದು ವರ್ಷದ ಮೇಲಾಗಿತ್ತು. ನಲವತ್ತು ದಾಟಿದ ಮೇಲೆ ಮಗಳಿಗೆ ಲ್ಯೂಟು ಕಲಿಯುವ ಹುಚ್ಚು ಹಿಡಿದು, ಸಂಗೀತ ಶಾಲೆಯ ಮೇಷ್ಟ್ರೊಬ್ಬರ ಹತ್ತಿರ ಸೇರಿ, ಅವರದೇ ಒಂದು ಏಣಿ ಲ್ಯೂಟನ್ನು ಕೇಳಿ ತಂದಿದ್ದಳು. ಮನೆಯಲ್ಲೇ ತಾಯಿ ಇರುವಾಗ ಹೊರಗಿನವರ ಹತ್ತಿರ. ಗುಡುಗಮ್ಮ ಆ ವಾದ್ಯವನ್ನು ಹತ್ತಿರ ಹೋಗಿ ಒಮ್ಮೆಯೂ ನೋಡಲಿಲ್ಲ. ಮಗಳು ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುವಾಗ ಇವಳು ಈಚೆಯಿಂದ ಊರುಗೋಲಿನಲ್ಲಿ ಗೋಡೆ ಕುಟ್ಟುತ್ತಿದ್ದಳು. ಒಂದು ಸಂಜೆ ಅವಳ ಹಾಡೇ ಬಾಗಿಲಾಚೆ ಕೇಳಿಸಿತು. ಹೋಟೆಲಿನಲ್ಲಿ ಊಟದವರೆಲ್ಲ ಎದ್ದುಹೋಗಿ, ಕೆಲಸದವರು ಕುರ್ಚಿಗಳನ್ನು ಮೇಜಿನ ಮೇಲೆ ಮಗುಚುವಾಗ ಅವಳು ತನಗಾಗಿ ನುಡಿಸಿಕೊಳ್ಳುತ್ತಿದ್ದ ಹಾಡು. ಅದರ ಮೂರನೇ ಸಾಲಿನಲ್ಲಿ ಒಂದು ಸ್ವರವಿದೆ. ಹತ್ತುವಾಗ ಒಂದು ಎಳೆ ಮೇಲೆ ನಿಲ್ಲುತ್ತದೆ, ಇಳಿಯುವಾಗ ಒಂದು ಎಳೆ ಕೆಳಗೆ. ಏಣಿಯ ಮೇಲೆ ಅದು ಎಲ್ಲಿಂದ ಬರಬೇಕು? ಮೆಟ್ಟಿಲಿನ ಮೇಲೆ ದೊಪ್ಪನೆ ಬಿತ್ತು, ಹತ್ತುವಾಗಲೂ ಅದೇ, ಇಳಿಯುವಾಗಲೂ ಅದೇ. ಗುಡುಗಮ್ಮ ಅವತ್ತು ಗೋಡೆ ಕುಟ್ಟಿದ ರಭಸಕ್ಕೆ ಗಾರೆ ಉದುರಿತ್ತು.

ಈಗ ಅವಳ ಬೋಳು ಕತ್ತಿಗೇ ಮೆಟ್ಟಿಲು. ಹೋಟೆಲಿನ ಗಿಟಾರಿನವನ ವಾದ್ಯವನ್ನು ಅವಳು ನೋಡಿದ್ದಳು. ಕತ್ತಿನ ಮರವನ್ನು ಗರಗಸದಿಂದ ಸಾಲಾಗಿ ಸೀಳಿ, ಸೀಳಿಗೆ ಹಿತ್ತಾಳೆ ಪಟ್ಟಿ ಬಡಿದಿರುತ್ತಾರೆ. ಒಮ್ಮೆ ಸೀಳಿದ ಮರ ಮತ್ತೆ ನುಣ್ಣಗಾಗುವುದಿಲ್ಲ. ಆ ಸ್ವರ ಇನ್ನು ಭೂಮಿಯ ಮೇಲೆಲ್ಲೂ ಹುಟ್ಟುವುದಿಲ್ಲ, ಅದಕ್ಕಿದ್ದ ಒಂದೇ ಮನೆ ಅದು.

"ನಾನೂ ಬರ್ತೀನಿ ಅತ್ತೆ, ಇರಿ."

"ಬೇಡ. ಲಿಫ್ಟ್ ಕೆಟ್ಟಾಗ ಕರೀತೀನಿ."

ಬಸ್ಸಿನಲ್ಲಿ ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ. ನಾನೇನು ಬಿದ್ದುಹೋಗ್ತೀನಾ ಎಂದು ಅವನನ್ನು ಗದರಿ, ಆಮೇಲೆ ಕೂತಳು. ಪ್ರತಿ ಸಿಗ್ನಲ್ಲಿನಲ್ಲೂ ಬಸ್ಸು ನಿಂತಾಗ ಅವಳ ಕಿವಿಯಲ್ಲಿ ಗರಗಸ ಓಡುತ್ತಿತ್ತು. ಈಗ ಮೊದಲ ಸೀಳು, ಈಗ ಎರಡನೆಯದು. ಮಗಳಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆದಿಟ್ಟುಕೊಂಡಳು. ತಾಯಿ ಸಾಯೋವರೆಗಾದ್ರೂ ಕಾಯೋಕಾಗ್ಲಿಲ್ವಾ ಎಂಬುದನ್ನು ಕೊನೆಗೆ ಇಟ್ಟುಕೊಂಡಳು. ಅದು ತಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಸೇತುವೆ ಕೆಳಗಿನ ಅಂಗಡಿಯಲ್ಲಿ ಮರ ಅಂಟಿಸುವ ಬಿಸಿ ಸರೇಸಿನ ವಾಸನೆ. ಸೂರಿನ ತುಂಬ ಲ್ಯೂಟುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಹೊಟ್ಟೆ ಬಿರಿದವು, ತಂತಿ ಹೊರುವ ಕುದುರೆ ಕಿತ್ತುಬಂದವು, ತಂತಿ ಬಿಗಿಯುವ ಬಿರಡೆ ಬಿದ್ದು ಹಲ್ಲಿಲ್ಲದ ಬಾಯಿಯಂತಾದವು. ರಿಪೇರಿಯವನು ಗಡ್ಡದ ತುಂಬ ಮರದ ಹೊಟ್ಟು ಮೆತ್ತಿಕೊಂಡು ಯಾವುದೋ ಹಲಗೆಗೆ ಉಜ್ಜುಕಾಗದ ತಿಕ್ಕುತ್ತಿದ್ದ.

"ಗರಗಸ ಕೆಳಗಿಡ್ರಿ" ಎಂದಳು ಗುಡುಗಮ್ಮ ಬಾಗಿಲಿನಿಂದಲೇ.

ಅವನು ಕೈಯಲ್ಲಿದ್ದ ಉಜ್ಜುಕಾಗದ ನೋಡಿಕೊಂಡ. "ಗರಗಸ ಇಲ್ಲಮ್ಮ."

"ನನ್ನ ಲ್ಯೂಟೆಲ್ಲಿ? ಬೈಂಡಿಂಗ್ ಕೆಲಸದವಳು ಒಬ್ಬಳು ತಂದ್ಲಲ್ಲ. ಎಷ್ಟು ಸೀಳಿದೀರಿ? ಪೂರ್ತಿ ಸೀಳಿದೀರೋ, ನನ್ನ ಪುಣ್ಯಕ್ಕೆ ಏನಾದ್ರೂ ಉಳಿಸಿದೀರೋ?"

ರಿಪೇರಿಯವನಿಗೆ ಅರ್ಥವಾಯಿತು. ಹಿಂದಿನ ಮೇಜಿನಿಂದ ಲ್ಯೂಟನ್ನು ಎತ್ತಿ ತಂದು ಅವಳ ಮುಂದೆ ಹಿಡಿದ. ಬೋಳು ಕತ್ತಿನ ಸುತ್ತ ಏಳೆಂಟು ಕಡೆ ತೆಳ್ಳನೆ ಕರುಳಿನ ದಾರ ಬಿಗಿದು ಕಟ್ಟಿತ್ತು. ಪ್ರತಿಯೊಂದು ದಾರದ ಗಂಟೂ ಕತ್ತಿನ ಅಂಚಿನಲ್ಲಿ, ಒಂದೇ ಅಳತೆಗೆ ಪುಟ್ಟದಾಗಿ ಕೂತಿತ್ತು. ಮರಕ್ಕೆ ಒಂದು ಗೀರೂ ಇರಲಿಲ್ಲ.

"ಲ್ಯೂಟಿಗೆ ಯಾರೂ ಸೀಳಿ ಪಟ್ಟಿ ಹೊಡೆಯಲ್ಲಮ್ಮ. ಹೀಗೆ ಕಟ್ಟೋದು. ಬೇಕಾದ್ರೆ ಸರಿಸ್ಬಹುದು, ಬೇಡಾದ್ರೆ ಕತ್ತರಿಸಿ ಬಿಸಾಕ್ಬಹುದು. ಇಷ್ಟು ವರ್ಷ ನುಡಿಸಿದೀರಿ, ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಏಣಿಯ ಹತ್ತಿರ ಮೂಗು ತಂದು ನೋಡಿದ್ದರೆ ತಾನೇ ಗೊತ್ತಾಗುವುದು. ಎದೆ ಒಮ್ಮೆ ಹಗುರಾಯಿತು, ಆ ಹಗುರಾದದ್ದಕ್ಕೇ ಮತ್ತೆ ರೇಗಿತು. ಬಸ್ಸಿನಲ್ಲಿ ಮಸೆದುಕೊಂಡು ಬಂದ ಮಾತುಗಳೆಲ್ಲ ಹಾಗೇ ಉಳಿದಿದ್ದವಲ್ಲ.

"ಹಾಗಾದ್ರೆ ಬಿಚ್ಚಿ."

"ಕಟ್ಟಿದೋರು ಬಿಚ್ಬೇಕು. ನಾನು ಬರೀ ಜಾಗ ತೋರ್ಸಿದ್ದು, ಗಂಟು ನಿಮ್ಮ ಮಗಳೇ ಹಾಕಿದ್ದು. ನಂಗಿಂತ ಚೆನ್ನಾಗಿ ಹಾಕ್ತಾರೆ. ಟೀ ತರೋಕೆ ಹೋಗಿದಾರೆ, ಕೂತ್ಕೊಳ್ಳಿ."

"ನಾನು ಕೂತ್ಕೊಳ್ಳೋಕೆ ಬಂದಿಲ್ಲ" ಎಂದು ಗುಡುಗಮ್ಮ ಕೂತಳು.

ಸುಮ್ಮನೆ ಕೂತ ಮುದುಕಿಯ ಸಿಡುಕು ಮುಖ ನೋಡಿ ಬೇಸರವಾಯಿತೋ ಏನೋ, ರಿಪೇರಿಯವನು ಗೋಡೆಯಿಂದ ಒಂದು ಏಣಿ ಲ್ಯೂಟು ಇಳಿಸಿ ತೊಡೆಯ ಮೇಲಿಟ್ಟುಕೊಂಡ. ಮೀಟುಗರಿ ಹಿಡಿಯದೆ ಬರಿಬೆರಳಲ್ಲೇ ಮೀಟಿದ. ಮೂರು ನಾಲ್ಕು ತಂತಿ ಒಟ್ಟಿಗೆ ನುಡಿದವು. ಕೆಳಗೊಂದು ಹಾಡು ನಡೆದಿದ್ದರೆ ಮೇಲೊಂದು ಅದಕ್ಕೆ ಉತ್ತರ ಕೊಡುತ್ತಿತ್ತು, ನಡುವೆ ಮೂರನೆಯದೊಂದು ತನ್ನ ಪಾಡಿಗೆ ಹೆಜ್ಜೆ ಹಾಕುತ್ತಿತ್ತು. ಒಬ್ಬನೇ ಕೂತು ಒಂದು ಮನೆಮಂದಿಯನ್ನೇ ಮಾತಾಡಿಸಿದ ಹಾಗಿತ್ತು.

"ಮೆಟ್ಟಿಲಿದ್ರೇನೇ ಇದಾಗೋದು" ಎಂದ ನಿಲ್ಲಿಸಿ. "ಎಲ್ಲಾ ಬೆರಳೂ ಒಂದೇ ಸಲ ಸರಿಯಾದ ಜಾಗದಲ್ಲಿ ಕೂರ್ಬೇಕಲ್ಲ. ನಿಮ್ಮದು ಒಂದೇ ದನಿಯ ವಾದ್ಯ. ಆ ಒಂದು ದನೀಲಿ ನೀವು ಮಾಡೋ ಜಾರು, ತಿರುವು ಇದಕ್ಕೆ ಬರಲ್ಲ. ಇದು ಮಾಡೋದು ಅದಕ್ಕೆ ಬರಲ್ಲ."

ಚೆನ್ನಾಗಿತ್ತು. ಅದೇ ಅವಳ ಸಿಟ್ಟು. ಇಷ್ಟು ದಿನ ಬೈದುಕೊಂಡು ಬಂದ ವಾದ್ಯ ಹೀಗೆ ಎದುರಿಗೆ ಬಂದು ಚೆನ್ನಾಗಿರಬಾರದಿತ್ತು. "ಹ್ಞೂಂ, ಇರ್ಲಿ" ಎಂದಳು, ಯಾರಿಗೋ ಉಪಕಾರ ಮಾಡುವವಳಂತೆ.

ಅಷ್ಟರಲ್ಲಿ ಮಗಳು ಟೀ ಹಿಡಿದುಕೊಂಡು ಬಂದಳು. ತಾಯಿಯನ್ನು ನೋಡಿ ಬಾಗಿಲಲ್ಲೇ ನಿಂತಳು. ಹಿಂದಿರುಗಿ ಹೋಗುವಷ್ಟು ಸಣ್ಣವಳಲ್ಲ, ಒಳಗೆ ಬರುವ ಧೈರ್ಯವೂ ಇಲ್ಲ.

"ಡ್ರೈಕ್ಲೀನಿಂಗ್ ಆಯ್ತಾ?" ಎಂದಳು ಗುಡುಗಮ್ಮ.

"ಅಮ್ಮ, ಮನೇಗೆ ಹೋಗಿ ಮಾತಾಡೋಣ."

"ಇಲ್ಲೇ ಮಾತಾಡು. ಹೆತ್ತ ತಾಯಿಗೆ ಕಂಬಳಿ ತೋರ್ಸಿ ಬಂದಿದೀಯಲ್ಲ, ಇನ್ಯಾವ ಮರ್ಯಾದೆ? ನಿನಗೆ ಏಣಿ ಬೇಕಾದ್ರೆ ಏಣಿ ಇತ್ತಲ್ಲ. ಮೇಷ್ಟ್ರು ಕೊಟ್ಟಿದಾರೆ, ಹತ್ತು, ಇಳಿ, ನಿನ್ನಿಷ್ಟ. ನನ್ನದರ ಕತ್ತಿಗ್ಯಾಕೆ ಹಗ್ಗ ಬಿಗಿದೆ? ತಾಯಿ ಸಾಯೋವರೆಗಾದ್ರೂ ಕಾಯೋಕಾಗ್ಲಿಲ್ವಾ?"

ಕೊನೆಗೆಂದು ಇಟ್ಟುಕೊಂಡದ್ದು ಮೊದಲೇ ಹೊರಬಿತ್ತು. ಮಗಳು ಟೀ ಲೋಟಗಳನ್ನು ಮೇಜಿನ ಮೇಲಿಟ್ಟಳು. ಅವಳು ಅಳುತ್ತಾಳೆಂದು ಗುಡುಗಮ್ಮ ಕಾದಳು. ಆದರೆ ಮಗಳಲ್ಲೂ ತಾಯಿಯ ರಕ್ತವೇ ಹರಿಯುತ್ತಿತ್ತು.

"ಕಾಯೋಕಾಗ್ಲಿಲ್ಲ" ಎಂದಳು ಮಗಳು. "ನೀನು ಇರುವಾಗ್ಲೇ ನಿನ್ನ ಹಾಡು ನಿನ್ನ ಲ್ಯೂಟಲ್ಲಿ ನುಡಿಸ್ಬೇಕಿತ್ತು ನಂಗೆ. ಸತ್ತ ಮೇಲೆ ನುಡಿಸಿ ಯಾರಿಗೆ ಕೇಳಿಸ್ಲಿ? ಮೆಟ್ಟಿಲಿಲ್ದೆ ನಂಗೆ ಬರಲ್ಲ. ಅದಕ್ಕೇ ಕಟ್ಟಿದೆ."

"ಯಾಕೆ ಬರಲ್ಲ? ಯಾರು ಹೇಳಿದ್ದು ಬರಲ್ಲ ಅಂತ?"

"ನೀನೇ."

"ನಾನಾ?"

"ನೀನೇ ಅಮ್ಮ. ನಾನು ಸ್ಕೂಲಿಗೆ ಹೋಗ್ತಿದ್ದ ಕಾಲ, ಒಂದಿನ ಹೋಟೆಲಿಂದ ಬಂದು ನೀನು ಲ್ಯೂಟು ಕೆಳಗಿಟ್ಟೆ. ಕಲಿಸು ಅಂತ ನಾನು ಕೂತೆ. ನಾಕು ಸಲ ತಪ್ಪಿದೆ. ನೀನು ನನ್ನ ತೊಡೆಯಿಂದ ಲ್ಯೂಟು ಕಿತ್ಕೊಂಡು, ನಿನಗೆ ಕಿವೀನೇ ಇಲ್ಲ, ಎದ್ದು ಹೋಗು ಅಂದೆ. ನಾನು ಎದ್ದು ಹೋದೆ. ಮೇಷ್ಟ್ರ ಹತ್ರ ಯಾಕೆ ಸೇರಿದ್ದು ಗೊತ್ತಾ? ಅವರ ಲ್ಯೂಟಿಗೆ ಕಿವಿ ಬೇಡ, ಕಣ್ಣಿದ್ರೆ ಸಾಕು ಅಂತ ಯಾರೋ ಅಂದ್ರು. ಕಿವಿ ಇಲ್ದೋಳು ಇನ್ನೆಲ್ಲಿಗೆ ಹೋಗ್ಲಿ?"

ಗುಡುಗಮ್ಮ ನೆನಪಿನ ತಳವನ್ನೆಲ್ಲ ಕೆದಕಿದಳು. ಸಿಗಲಿಲ್ಲ. ಅಂದಿರಬಹುದು. ಹೋಟೆಲಿನಿಂದ ಬರುವಾಗ ಸೊಂಟ ಬಿದ್ದುಹೋಗಿರುತ್ತಿತ್ತು, ಬಾಯಿಗೆ ಬಂದದ್ದನ್ನು ಎದುರಿಗೆ ಬಂದವರಿಗೆ ಅನ್ನುತ್ತಿದ್ದಳು. ಒಲೆಗೆ ಅಂದಿದ್ದಳು, ಗಂಡನಿಗೆ ಅಂದಿದ್ದಳು, ಕಿಟಕಿಗೆ ಅಂದಿದ್ದಳು. ಅವರೆಲ್ಲ ಕೇಳಿ ಬಿಟ್ಟಿದ್ದರು. ಈ ಹುಡುಗಿ ಅದನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದಳೆಂದರೆ ಏನು ಹೇಳುವುದು. ಅವಳಿಗೆ ಈಗಲೂ ಸಿಟ್ಟೇ ಬಂತು, ಯಾರ ಮೇಲೆ ಹಾಕಬೇಕೆಂದು ಮಾತ್ರ ತಿಳಿಯಲಿಲ್ಲ.

"ನುಡಿಸು" ಎಂದಳು. ದನಿ ಗದರಿದಂತೆಯೇ ಇತ್ತು.

"ಈಗ್ಲಾ?"

"ಹಗ್ಗ ಕಟ್ಟಿದೀಯಲ್ಲ. ಕಟ್ಟಿದ್ದಕ್ಕೆ ನುಡಿಸು."

ಮಗಳು ಸ್ಟೂಲಿನ ಮೇಲೆ ಕೂತು ಲ್ಯೂಟನ್ನು ತೊಡೆಗೆ ತಂದುಕೊಂಡಳು. ಹಿಡಿತ ಮೇಷ್ಟ್ರ ಮನೆಯದು, ಮೊಣಕೈ ಮಡಿಚಿದ್ದು ಸರಿಯಿಲ್ಲ, ಗರಿಯಿಲ್ಲದೆ ಬೆರಳಲ್ಲಿ ಕೆರೆಯುತ್ತಿದ್ದಾಳೆ. ಗುಡುಗಮ್ಮ ತುಟಿ ಕಚ್ಚಿಕೊಂಡಳು. ಮೊದಲ ಸಾಲು ಬಂತು, ಎರಡನೆಯದು ಬಂತು, ಏಣಿ ಹತ್ತುವ ಹಾಡು, ಜೀವವಿಲ್ಲ. ಮೂರನೇ ಸಾಲಿಗೆ ಅವಳು ಕಣ್ಣು ಮುಚ್ಚಿ, ಆ ಸ್ವರ ದೊಪ್ಪನೆ ಬೀಳುವುದನ್ನೇ ಕಾಯುತ್ತ ಊರುಗೋಲು ಗಟ್ಟಿಯಾಗಿ ಹಿಡಿದಳು.

ಬೀಳಲಿಲ್ಲ. ಒಂದು ಎಳೆ ಮೇಲೆ ಹೋಗಿ ನಿಂತಿತು.

ಕಣ್ಣು ತೆರೆದು ನೋಡಿದಳು. ಮಗಳ ಬೆರಳು ಮೆಟ್ಟಿಲನ್ನು ಒತ್ತಿ, ತಂತಿಯನ್ನು ಪಕ್ಕಕ್ಕೆ ಎಳೆದಿತ್ತು. ಜೋಡಿಯಾಗಿದ್ದ ಎರಡೂ ತಂತಿ ಒಟ್ಟಿಗೆ ಎಳೆದು ಬೆರಳಿನ ತುದಿ ಬಿಳಿಚಿಹೋಗಿತ್ತು. ಇಳಿಯುವಾಗ ಅವಳು ಕೆಳಗಿನ ಮೆಟ್ಟಿಲಿಗೆ ಹೋಗಿ, ಅಲ್ಲಿಂದ ಎಳೆದು, ಪೂರ್ತಿ ಎಳೆಯದೆ ನಡುವೆ ನಿಲ್ಲಿಸಿದಳು. ಸ್ವರ ಅಲ್ಲೇ ಇತ್ತು, ಹೋಟೆಲಿನಲ್ಲಿ ಕುರ್ಚಿಗಳ ನಡುವೆ ಇದ್ದ ಹಾಗೆಯೇ.

"ಯಾರು ಹೇಳ್ಕೊಟ್ರು ಹಾಗೆ ಎಳಿ ಅಂತ?"

"ಯಾರೂ ಇಲ್ಲ. ಎಳೀಬೇಡಿ, ತಂತಿ ಹೋಗುತ್ತೆ ಅಂತ ಮೇಷ್ಟ್ರು ಬೈತಾರೆ. ಎಳೀದೇ ಇದ್ರೆ ಅದು ನೀನು ಹಾಡೋ ಥರ ಬರಲ್ಲ."

"ನಾನೆಲ್ಲಿ ಹಾಡ್ತೀನಿ?"

"ತರಕಾರಿ ಹೆಚ್ಚುವಾಗ. ನಾನು ಹುಟ್ಟಿದಾಗ್ಲಿಂದ ಅದೇ ಸಾಲು."

ಮೆಟ್ಟಿಲು ಕಟ್ಟಿಕೊಂಡು, ಮೆಟ್ಟಿಲನ್ನೇ ಬಿಟ್ಟು, ಎಲ್ಲೂ ಇಲ್ಲದ ಜಾಗಕ್ಕೆ ಬೆರಳು ಹೋಗಿತ್ತು. ಕಿವಿ ಕರೆದೊಯ್ಯದೆ ಬೆರಳು ಅಲ್ಲಿಗೆ ಹೋಗುವುದಿಲ್ಲ. ಗುಡುಗಮ್ಮ ಅದನ್ನು ಮಗಳಿಗೆ ಹೇಳಬೇಕಿತ್ತು. ಆದರೆ ಅಂಥ ಮಾತು ಆಡಿ ಅಭ್ಯಾಸವಿಲ್ಲದ ಬಾಯಿ, ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯಲಿಲ್ಲ.

"ಕತ್ತರಿ ಕೊಡ್ರಿ" ಎಂದಳು ರಿಪೇರಿಯವನಿಗೆ.

ಅವನು ಕೊಟ್ಟ. ಅವಳು ಬೆರಳು ತೂರಿಸಲು ನೋಡಿದಳು. ಗಂಟುಬಿದ್ದ ಬೆರಳು ಕತ್ತರಿಯ ಹಿಡಿಯೊಳಗೆ ಹೋಗಲಿಲ್ಲ. ಇನ್ನೊಂದು ಕೈಯಲ್ಲೂ ನೋಡಿದಳು. ಬೈದುಕೊಂಡಳು, ಕತ್ತರಿಗೂ ಕೈಗೂ ಸೇರಿಸಿ. ಆಮೇಲೆ ಅದನ್ನು ಮಗಳ ಮುಂದೆ ಚಾಚಿದಳು.

"ನೀನೇ ಕತ್ತರಿಸು."

ಮಗಳು ತೆಗೆದುಕೊಳ್ಳಲಿಲ್ಲ. "ಆಮೇಲೆ ಎಲ್ಲಿ ಒತ್ಬೇಕು ಅಂತ ಯಾರು ಹೇಳ್ತಾರೆ?"

"ನಾನು ಹೇಳ್ತೀನಿ."

"ನೀನು ಹೇಳಲ್ಲ ಅಮ್ಮ, ಬೈತೀಯ."

"ಬೈತೀನಿ" ಎಂದಳು ಗುಡುಗಮ್ಮ. "ತಪ್ಪಿದಾಗೆಲ್ಲ ಬೈತೀನಿ. ಊಟಕ್ಕೆ ಕೂತಾಗ್ಲೂ ಬೈತೀನಿ, ನಿನ್ನ ಗಂಡನ ಎದುರಿಗೇ ಬೈತೀನಿ. ಎದ್ದು ಹೋಗು ಅಂತ ಮಾತ್ರ ಅನ್ನಲ್ಲ."

ರಿಪೇರಿಯವನು ತಣ್ಣಗಾಗುತ್ತಿದ್ದ ಟೀ ಎತ್ತಿಕೊಂಡು ಹಲಗೆಯ ಕಡೆ ತಿರುಗಿ ಕೂತ. ಮಗಳು ಕತ್ತರಿ ತೆಗೆದುಕೊಂಡು, ತಾನೇ ಹಾಕಿದ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದಳು. ದಾರಗಳು ಚಟ್ ಚಟ್ಟೆಂದು ಬಿಚ್ಚಿಕೊಂಡು ಅವಳ ಮಡಿಲಿಗೆ ಬಿದ್ದವು. ಕೊನೆಯದು ಬಿದ್ದ ಮೇಲೆ ಕತ್ತು ಮತ್ತೆ ಬೋಳಾಯಿತು. ನೋಡಿ ಹಿಡಿಯುವುದಕ್ಕೆ ಒಂದು ಗೆರೆಯೂ ಇರಲಿಲ್ಲ.

"ಮೂರನೇ ಸಾಲಿಂದ" ಎಂದಳು ಗುಡುಗಮ್ಮ.

ಮಗಳು ಉಸಿರು ಹಿಡಿದು ಬೆರಳು ಇಟ್ಟಳು, ಮೀಟಿದಳು. ಸ್ವರ ಎಲ್ಲೆಲ್ಲೋ ಹೋಯಿತು.

"ತಪ್ಪು" ಎಂದು ಗುಡುಗಮ್ಮ ಗುಡುಗಿದಳು. ಸೂರಿನಲ್ಲಿ ನೇತಾಡುತ್ತಿದ್ದ ವಾದ್ಯಗಳ ಸಡಿಲ ತಂತಿಗಳೆಲ್ಲ ಒಮ್ಮೆ ಝುಂ ಎಂದವು. "ಕತ್ತೆ ಥರ ಒತ್ತುತ್ತೀಯಲ್ಲ. ಇನ್ನೂ ಮೇಲೆ. ಇನ್ನೂ."

ಮಗಳು ಏಳಲಿಲ್ಲ.